ಶುಗರ್ ಗ್ಲೈಡರ್ ತರೋಣವಾ, ಹಾಡುವ ಹಕ್ಕಿ ತರೋಣವಾ?

ಪ್ರಶ್ನೆ: ನಾವು ಮಂಡ್ಯದ ಅಶೋಕನಗರದವರು. ಎರಡು ರೂಮಿನ ಬಾಡಿಗೆ ಮನೆ, ಮೊದಲನೇ ಮಹಡಿ, ಗ್ರಿಲ್ ಹಾಕಿದ ಬಾಲ್ಕನಿ ಇದೆ. ನಾನು ಶಾಲೆಯಲ್ಲಿ ಟೀಚರ್. ಯಜಮಾನರು ಕೆಲಸಕ್ಕೆ ದಿನಾ ಮೈಸೂರಿಗೆ ಓಡಾಡುತ್ತಾರೆ. ಮಗಳಿಗೆ ಹತ್ತು ವರ್ಷ. ಫೋನಿನಲ್ಲಿ ಶುಗರ್ ಗ್ಲೈಡರ್ ವಿಡಿಯೋ ನೋಡಿ ಅದೇ ಬೇಕು ಅಂತ ಹಠ ಹಿಡಿದಿದ್ದಾಳೆ. ಮೈಸೂರಿನ ಒಂದು ಅಂಗಡಿಯಲ್ಲಿ ವಿಚಾರಿಸಿದೆವು. "ಇದು ಹಾರೋ ಅಳಿಲಿನ ಜಾತಿ. ಹಣ್ಣು ಕೊಟ್ಟರೆ ಸಾಕು. ಒಂದೇ ತಗೊಳ್ಳಿ, ಒಂಟಿಯಾಗಿದ್ದರೆ ಬೇಗ ನಿಮ್ಮನ್ನ ಹಚ್ಚಿಕೊಳ್ಳುತ್ತೆ. ವಾಸನೆ ಇರಲ್ಲ, ಜೇಬಲ್ಲಿ ಇಟ್ಟುಕೊಂಡು ಓಡಾಡಬಹುದು" ಅಂದರು. ನಮ್ಮ ಅತ್ತೆಗೆ ಹಕ್ಕಿ ಇಷ್ಟ. ಬೆಳಿಗ್ಗೆ ಎದ್ದಾಗ ಹಕ್ಕಿ ದನಿ ಕೇಳಬೇಕು ಅನ್ನುತ್ತಾರೆ. ಪಾಂಡವಪುರದ ಕಡೆ ಇರುವ ಅವರ ತಮ್ಮ, ಕಬ್ಬಿನ ಗದ್ದೆಯಿಂದ ಎರಡು ರಾಟವಾಳ ಹಿಡಿದು ಕೊಡ್ತೀನಿ, ದುಡ್ಡೂ ಬೇಡ ಅಂದಿದ್ದಾರೆ. ಅಂಗಡಿಯಲ್ಲಿ ಜೀಬ್ರಾ ಫಿಂಚ್ ಅನ್ನುವ ಹಕ್ಕಿಯೂ ಇತ್ತು. ಅತ್ತೆಗೆ ಉಬ್ಬಸ ಇದೆ. ಸಂಜೆ ಸಾಂಬ್ರಾಣಿ ಹಾಕುವ ಅಭ್ಯಾಸವೂ ಇದೆ. ಎರಡೂ ಒಂದು ಹಿಡಿಯಷ್ಟು ಇರುವ ಜೀವಗಳು. ಯಾವುದನ್ನು ಸಾಕುವುದು ಸುಲಭ, ಯಾವುದು ಜಾಸ್ತಿ ದಿನ ಬಾಳುತ್ತದೆ, ದಯವಿಟ್ಟು ತಿಳಿಸಿ.

ಉತ್ತರ: ತಂದ ಮೇಲೆ ಕೇಳುವವರೇ ಹೆಚ್ಚು. ನೀವು ತರುವ ಮೊದಲೇ ಕೇಳಿದ್ದೀರಿ, ತುಂಬಾ ಒಳ್ಳೆಯದಾಯಿತು. ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸಣ್ಣ ಪ್ರಾಣಿ ಮತ್ತು ಹಕ್ಕಿಗಳಿಗೆ ಚಿಕಿತ್ಸೆ ಮಾಡುತ್ತಿದ್ದೇನೆ. ನನ್ನ ಮೇಜಿನ ಮೇಲೆ ಬಂದ ಶುಗರ್ ಗ್ಲೈಡರ್‌ಗಳಲ್ಲಿ ಹೆಚ್ಚಿನವು ಜಗಳದಿಂದಲೋ ಅಪಘಾತದಿಂದಲೋ ಬಂದವಲ್ಲ. ಪ್ರೀತಿಯಿಂದಲೇ, ಆದರೆ ತಪ್ಪು ಮಾಹಿತಿಯಿಂದ ಸಾಕಿದ್ದರಿಂದ ಕಾಯಿಲೆ ಬಿದ್ದವು.

ನಿಮ್ಮ ಚಿಂತೆ ನನಗೆ ಅರ್ಥವಾದದ್ದು ಹೀಗೆ: ಮಗಳಿಗೂ ಬೇಜಾರಾಗಬಾರದು, ಅತ್ತೆಗೂ ಖುಷಿಯಾಗಬೇಕು, ತಂದ ಜೀವವೂ ನರಳಬಾರದು. ಯಾವುದು ಸುಲಭ ಅನ್ನುವುದಕ್ಕೆ ಮೊದಲು ನಿಮಗೆ ನಾನೊಂದು ಕೇಳುತ್ತೇನೆ. ರಾತ್ರಿ ಹತ್ತು ಗಂಟೆಗೆ ನಿಮ್ಮ ಮನೆಯಲ್ಲಿ ಯಾರು ಎದ್ದಿರುತ್ತಾರೆ?

ಯಾಕೆ ಕೇಳಿದೆ ಅಂದರೆ, ಈ ಎರಡು ಪ್ರಾಣಿಗಳ ನಡುವೆ ನಿಮ್ಮ ಮಟ್ಟಿಗೆ ಇರುವ ದೊಡ್ಡ ವ್ಯತ್ಯಾಸ ಅದೇ. ಶುಗರ್ ಗ್ಲೈಡರ್ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯದು. ಜೀಬ್ರಾ ಫಿಂಚ್ ಕೂಡ ಆಸ್ಟ್ರೇಲಿಯಾದ್ದೇ. ಒಂದೇ ನೆಲದ ಮಕ್ಕಳು, ಆದರೆ ಒಂದಕ್ಕೆ ಹಗಲು ಶಿಫ್ಟ್, ಇನ್ನೊಂದಕ್ಕೆ ನೈಟ್ ಶಿಫ್ಟ್. ಫಿಂಚ್ ಬೆಳಕು ಹರಿಯುತ್ತಿದ್ದಂತೆ ಏಳುತ್ತದೆ, ದೀಪ ಹಚ್ಚುವ ಹೊತ್ತಿಗೆ ಮುದುಡಿ ಕೂರುತ್ತದೆ. ಗ್ಲೈಡರ್ ಹಗಲೆಲ್ಲ ಗೂಡಿನೊಳಗೆ ಮಲಗಿರುತ್ತದೆ, ಕತ್ತಲಾದ ಮೇಲೆ ಅದಕ್ಕೆ ಬೆಳಗಾಗುತ್ತದೆ. ನಿಮ್ಮ ಮಗಳು ಶಾಲೆಯಿಂದ ಬಂದು ಅದನ್ನು ಎತ್ತಿಕೊಂಡರೆ, ನಮ್ಮನ್ನು ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಆಟ ಆಡು ಅಂದ ಹಾಗೆ. ಇನ್ನು ಅವಳು ಮಲಗಿದ ಮೇಲೆ ಅದು ಎದ್ದು ಪಂಜರದ ಸರಳು ಹಿಡಿದು ಹತ್ತಿ ಇಳಿದು, ನಾಯಿಮರಿ ಬೊಗಳಿದ ಹಾಗೆ ಒಂದೇ ಸಮ ಕೂಗಬಹುದು. ಎರಡು ರೂಮಿನ ಮನೆಯಲ್ಲಿ ಅದು ಎಲ್ಲರಿಗೂ ಕೇಳಿಸುತ್ತದೆ. ಬೆಳಿಗ್ಗೆ ಏಳೂವರೆಗೆ ನೀವು ಟಿಫನ್ ಡಬ್ಬಿ ಕಟ್ಟಬೇಕಲ್ವಾ?

ಈಗ ಅಂಗಡಿಯವರ ಮಾತಿಗೆ ಬರುತ್ತೇನೆ.

ಹಾರುವ ಅಳಿಲಿನ ಜಾತಿ ಅನ್ನುವುದು ತಪ್ಪು. ನೋಡಲು ಹಾಗೆ ಕಾಣುತ್ತದೆ ನಿಜ. ಮುಂಗಾಲಿನಿಂದ ಹಿಂಗಾಲಿನವರೆಗೆ ತೊಗಲಿನ ಮಡಿಕೆ ಇದೆ. ಅದನ್ನು ಕೊಡೆಯ ಹಾಗೆ ಬಿಚ್ಚಿ ಮರದಿಂದ ಮರಕ್ಕೆ ಐವತ್ತು ಮೀಟರ್‌ವರೆಗೂ ತೇಲುತ್ತದೆ. ಆದರೆ ಇದು ಕಾಂಗರೂ, ಕೋಲಾ ಇರುವ ಗುಂಪಿನದು, ಹೊಟ್ಟೆಯಲ್ಲಿ ಚೀಲ ಇರುವ ಪ್ರಾಣಿ. ನಮ್ಮ ಪಶ್ಚಿಮ ಘಟ್ಟದ ಹಾರುವ ಅಳಿಲಿಗೂ ಇದಕ್ಕೂ ರಕ್ತಸಂಬಂಧ ತೀರಾ ದೂರ. ಬೇರೆ ಬೇರೆ ಖಂಡದಲ್ಲಿ ಎತ್ತರದ ಮರಗಳ ಮೇಲೆ ಬದುಕಿದ್ದರಿಂದ ಎರಡಕ್ಕೂ ಅದೇ ಉಪಾಯ ಒದಗಿದೆ, ಅಷ್ಟೇ. ಇದು ಸುಮ್ನೆ ಪುಸ್ತಕದ ವಿಷಯ ಅಲ್ಲ. ಅಳಿಲು ಅಂದುಕೊಂಡವರು ಕಡಲೆಕಾಯಿ, ಸೂರ್ಯಕಾಂತಿ ಬೀಜ ಕೊಡುತ್ತಾರೆ. ಅಲ್ಲಿಂದ ತೊಂದರೆ ಶುರು.

ಚೀಲದ ವಿಷಯ ಬಂದಿತಲ್ಲ, ಅದನ್ನು ಮಗಳಿಗೆ ಹೇಳಿ, ಅವಳಿಗೆ ಇಷ್ಟವಾಗುತ್ತದೆ. ಗ್ಲೈಡರ್ ಗರ್ಭ ಧರಿಸುವುದು ಸುಮಾರು 16 ದಿನ ಮಾತ್ರ. ಹುಟ್ಟಿದ ಮರಿ ಒಂದು ಗ್ರಾಂನ ಐದನೇ ಒಂದು ಭಾಗದಷ್ಟು ತೂಗುತ್ತದೆ. ಕಣ್ಣಿಲ್ಲ, ಕೂದಲಿಲ್ಲ. ಅಷ್ಟರಲ್ಲೇ ತಾನೇ ತೆವಳಿಕೊಂಡು ಚೀಲ ಸೇರಿ ಮೊಲೆ ಕಚ್ಚಿದರೆ, ಸುಮಾರು ಎಪ್ಪತ್ತು ದಿನ ಅಲ್ಲೇ ಇರುತ್ತದೆ. ಹಾಲು ಬಿಡುವ ಹೊತ್ತಿಗೆ ನಾಲ್ಕು ತಿಂಗಳು ಹತ್ತಿರ ಆಗಿರುತ್ತದೆ. ಜೀಬ್ರಾ ಫಿಂಚ್ ಮರಿಯದ್ದು ಇದಕ್ಕೆ ಪೂರ್ತಿ ಉಲ್ಟಾ. ಎರಡು ವಾರ ಕಾವು, ಮೊಟ್ಟೆ ಒಡೆದು ಮೂರು ವಾರದೊಳಗೆ ಗೂಡು ಬಿಟ್ಟು ಹಾರುತ್ತದೆ. ಮೂರು ತಿಂಗಳಿಗೆ ತಾನೇ ಸಂಸಾರ ಹೂಡುವಷ್ಟು ದೊಡ್ಡದಾಗುತ್ತದೆ. ತೂಕದಲ್ಲೂ ಇವು ಸಮ ಅಲ್ಲ. ಫಿಂಚ್ 12 ಗ್ರಾಂ ಆಸುಪಾಸು, ಗ್ಲೈಡರ್ 100ರಿಂದ 150 ಗ್ರಾಂ. ಒಂದು ಹಿಡಿ ಅಂತ ಎರಡನ್ನೂ ಹೇಳಿದರೂ, ಒಂದು ಗ್ಲೈಡರ್ ತೂಕಕ್ಕೆ ಹತ್ತು ಫಿಂಚ್ ಬೇಕು.

"ಹಣ್ಣು ಕೊಟ್ಟರೆ ಸಾಕು" ಅನ್ನುವ ಮಾತು ನನಗೆ ತುಂಬಾ ನೋವು ಕೊಡುವ ಮಾತು. ಒಂದು ಜನವರಿಯ ಸಂಜೆ ಕಾಲೇಜು ಹುಡುಗನೊಬ್ಬ ಉಲ್ಲನ್ ಟೋಪಿಯೊಳಗೆ ಗ್ಲೈಡರ್ ಇಟ್ಟುಕೊಂಡು ಬಂದ. ಟೋಪಿ ಬಿಚ್ಚಿ ಮೇಜಿನ ಮೇಲೆ ಬಿಟ್ಟರೆ, ಮುಂಗಾಲು ಎರಡರಲ್ಲೇ ಮೈ ಎಳೆಯುತ್ತಾ ಟೋಪಿಯ ಕಡೆಗೇ ವಾಪಸ್ ಹೊರಟಿತು. ಹಿಂಗಾಲು ಎರಡೂ ಒದ್ದೆ ಬಟ್ಟೆಯ ಹಾಗೆ ಹಿಂದೆ ಬರುತ್ತಿದ್ದವು. ಎಕ್ಸ್‌ರೇ ತೆಗೆದೆ. ಮೂಳೆ ಬೆಳ್ಳಗೆ ಎದ್ದು ಕಾಣಬೇಕು, ಅಲ್ಲಿ ಮಾಂಸಕ್ಕೂ ಮೂಳೆಗೂ ಹೆಚ್ಚು ವ್ಯತ್ಯಾಸವೇ ಕಾಣಲಿಲ್ಲ. ಏನು ಕೊಡ್ತಿದ್ದೆ ಅಂದರೆ, "ಬಾಳೆಹಣ್ಣು, ಸೇಬು, ಹಾಲಲ್ಲಿ ನೆನೆಸಿದ ಬಿಸ್ಕತ್ತು, ಚೆನ್ನಾಗಿ ತಿಂತಿತ್ತು ಸಾರ್" ಅಂದ. ಚೆನ್ನಾಗಿಯೇ ತಿಂದಿರುತ್ತದೆ. ಸಿಹಿ ಕಂಡರೆ ಅದಕ್ಕೆ ಆಸೆ. ಆದರೆ ಬಾಳೆಹಣ್ಣಿನಲ್ಲಿ ಕ್ಯಾಲ್ಸಿಯಂಗಿಂತ ಫಾಸ್ಫರಸ್ ಹಲವು ಪಟ್ಟು ಜಾಸ್ತಿ. ಆ ಲೆಕ್ಕ ತಪ್ಪಿದಾಗ ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ದೇಹ ತನ್ನ ಮೂಳೆಯಿಂದಲೇ ಕಿತ್ತು ತೆಗೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಹಾಗೆ ನಡೆದರೆ ಮೂಳೆ ಮೆತ್ತಗಾಗಿ ಹಿಂಗಾಲು ಬಿದ್ದುಹೋಗುತ್ತದೆ. ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟೆವು, ಹತ್ತಲು ಆಗದಂಥ ಸಣ್ಣ ಡಬ್ಬಿಯಲ್ಲಿ ವಾರಗಟ್ಟಲೆ ಇಟ್ಟೆವು. ಒಂದು ಕಾಲು ಬಂತು, ಇನ್ನೊಂದು ಪೂರ್ತಿ ಬರಲೇ ಇಲ್ಲ.

ಕಾಡಿನಲ್ಲಿ ಅದು ತಿನ್ನುವುದೇ ಬೇರೆ. ಮರದ ತೊಗಟೆ ಕಚ್ಚಿ ಒಸರುವ ರಸ ನೆಕ್ಕುತ್ತದೆ. ನಮ್ಮ ಜಾಲಿ ಮರದ ಅಂಟು ಗೊತ್ತಲ್ಲ, ಅದರ ದಾಯಾದಿ ಮರಗಳ ಅಂಟು, ನೀಲಗಿರಿ ಮರದ ರಸ, ಹೂವಿನ ಮಕರಂದ ಅದರ ಊಟ. (ಆ ನೀಲಗಿರಿ ಮರವೂ ಆಸ್ಟ್ರೇಲಿಯಾದಿಂದಲೇ ಬಂದದ್ದು. 1790ರ ಸುಮಾರಿಗೆ ಟಿಪ್ಪು ನಂದಿಬೆಟ್ಟದಲ್ಲಿ ನೆಡಿಸಿದ ಮೇಲೆ ನಮ್ಮ ಸೀಮೆಯಲ್ಲಿ ಬೇರೂರಿತು.) ಜೊತೆಗೆ ಹುಳು, ಜೇಡ, ಸಿಕ್ಕರೆ ಹಕ್ಕಿಯ ಮೊಟ್ಟೆ, ಮರಿಯನ್ನೂ ಬಿಡುವುದಿಲ್ಲ. ಟಾಸ್ಮೇನಿಯಾದಲ್ಲಿ ಅಳಿವಿನಂಚಿನಲ್ಲಿರುವ ಸ್ವಿಫ್ಟ್ ಗಿಳಿಯ ಗೂಡುಗಳಿಗೆ ದೊಡ್ಡ ಕಂಟಕ ಈ ಮುದ್ದು ಪ್ರಾಣಿಯೇ. ಹಾಗಾಗಿ ಎರಡನ್ನೂ ತಂದು ಒಂದೇ ಕೋಣೆಯಲ್ಲಿ ಇಡುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಮನೆಯಲ್ಲಿ ಸಾಕುವವರು ಜೇನುತುಪ್ಪ, ಬೇಯಿಸಿದ ಮೊಟ್ಟೆ, ಕ್ಯಾಲ್ಸಿಯಂ ಪುಡಿ ಸೇರಿಸಿ ಅಳತೆ ಪ್ರಕಾರ ಮಿಶ್ರಣ ಮಾಡಿ ದಿನಾ ಸಂಜೆ ಕೊಡಬೇಕು. ಹುಳು ಅಥವಾ ಪ್ರೋಟೀನ್ ಆಹಾರ ಬೇರೆ ಬೇಕು. ಹಣ್ಣು ಏನಿದ್ದರೂ ಉಪ್ಪಿನಕಾಯಿಯಷ್ಟು.

"ಒಂದೇ ತಗೊಳ್ಳಿ" ಅನ್ನುವುದು ಇನ್ನೂ ಕೆಟ್ಟ ಸಲಹೆ. ಇವು ಒಂದೇ ಪೊಟರೆಯಲ್ಲಿ ಏಳೆಂಟು ಸೇರಿ ಒತ್ತಿಕೊಂಡು ಮಲಗುವ ಜೀವಗಳು. ಒಂಟಿಯಾಗಿ ಇಟ್ಟ ಗ್ಲೈಡರ್ ತನ್ನ ಬಾಲ, ಕಾಲು, ತೊಗಲನ್ನು ತಾನೇ ಕಚ್ಚಿಕೊಂಡು ಗಾಯ ಮಾಡಿಕೊಂಡಿರುವುದನ್ನು ನೋಡಿದ್ದೇನೆ. ಅದಕ್ಕೆ ಕೊರಳಿಗೆ ಕಾಲರ್ ಹಾಕಿ ಮುಲಾಮು ಹಚ್ಚುವುದಷ್ಟೇ ನಮ್ಮ ಕೈಲಾಗುವುದು. ಒಂಟಿತನಕ್ಕೆ ನಮ್ಮಲ್ಲಿ ಔಷಧಿ ಇಲ್ಲ. ತಂದರೆ ಕನಿಷ್ಠ ಎರಡು. ಗಂಡು ಹೆಣ್ಣು ಆದರೆ ಗಂಡಿಗೆ ಆಪರೇಷನ್ ಮಾಡಿಸಬೇಕು. ಅಷ್ಟು ಸಣ್ಣ ಪ್ರಾಣಿಗೆ ಅರಿವಳಿಕೆ ಕೊಡುವುದರಲ್ಲಿ ಅಪಾಯ ಇದ್ದೇ ಇದೆ, ಆ ಅನುಭವ ಇರುವ ಡಾಕ್ಟರು ಎಲ್ಲ ಊರಿನಲ್ಲೂ ಸಿಗುವುದಿಲ್ಲ.

ಇನ್ನು ವಾಸನೆ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಹಕ್ಕಿಗೂ ಇದಕ್ಕೂ ಹೋಲಿಕೆ ಇರುವುದು ಇಲ್ಲೇ. ಗಂಡು ಗ್ಲೈಡರ್ ದೊಡ್ಡದಾದ ಮೇಲೆ ನೆತ್ತಿಯಲ್ಲಿ ಕಾಸಿನಗಲ ಬೋಳು ಕಾಣುತ್ತದೆ. ಕಾಯಿಲೆ ಅಂತ ಹೆದರಿ ಓಡಿಬರುವವರು ತುಂಬಾ ಜನ. ಅದು ವಾಸನೆಯ ಗ್ರಂಥಿ. ಅದನ್ನು ತನ್ನ ಗುಂಪಿನವರ ಮೈಗೆ ಉಜ್ಜಿ "ಇವರು ನಮ್ಮವರು" ಅಂತ ಗುರುತು ಮಾಡುತ್ತದೆ. ಅಲ್ಲಲ್ಲಿ ಮೂತ್ರದ ಹನಿ ಹಾಕಿ "ಇದು ನಮ್ಮ ಜಾಗ" ಅನ್ನುತ್ತದೆ. ಗಂಡು ಹಕ್ಕಿ ಕೊಂಬೆಯ ತುದಿಯಲ್ಲಿ ಕೂತು ಹಾಡಿ ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. ನಾನು ಇಲ್ಲಿದ್ದೇನೆ, ಇದು ನನ್ನ ಜಾಗ, ಜೋಡಿ ಬೇಕಾದರೆ ಬಾ. ಕತ್ತಲಲ್ಲಿ ಬದುಕುವುದು ವಾಸನೆಯಲ್ಲಿ ಬರೆಯುತ್ತದೆ, ಬೆಳಕಲ್ಲಿ ಬದುಕುವುದು ಹಾಡಿ ಹೇಳುತ್ತದೆ. ಆದ್ದರಿಂದ ಗ್ಲೈಡರ್‌ಗೆ ವಾಸನೆ ಇಲ್ಲ ಅನ್ನುವುದು ಹಕ್ಕಿಗೆ ಹಾಡು ಇಲ್ಲ ಅಂದ ಹಾಗೆ. ಸ್ನಾನ ಮಾಡಿಸಿದರೆ ಹೋಗುವುದಿಲ್ಲ. ಗುರುತು ಅಳಿಸಿಹೋಯಿತು ಅಂತ ಅದು ಮತ್ತೆ ಜಾಸ್ತಿ ಬಳಿಯುತ್ತದೆ. ಬೆಕ್ಕಿನ ಹಾಗೆ ಒಂದು ಕಡೆ ಗಲೀಜು ಮಾಡುವುದನ್ನು ಕಲಿಸಲೂ ಆಗುವುದಿಲ್ಲ. ಜೇಬಿನಲ್ಲಿ ಇಟ್ಟುಕೊಂಡರೆ ಜೇಬಿನಲ್ಲೇ.

ಜಾಸ್ತಿ ದಿನ ಬಾಳುವುದು ಯಾವುದು ಅಂತ ಕೇಳಿದ್ದೀರಿ. ಚೆನ್ನಾಗಿ ನೋಡಿಕೊಂಡರೆ ಗ್ಲೈಡರ್ ಹತ್ತು ಹನ್ನೆರಡು ವರ್ಷ ಇರುತ್ತದೆ, ಅದಕ್ಕಿಂತ ಜಾಸ್ತಿಯೂ ಬದುಕಬಹುದು. ಇಂದು ಹತ್ತು ವರ್ಷದ ನಿಮ್ಮ ಮಗಳು ಡಿಗ್ರಿ ಮುಗಿಸುವವರೆಗೆ. ಅವಳು ಹಾಸ್ಟೆಲ್‌ಗೆ ಹೋದ ಮೇಲೆ ರಾತ್ರಿ ಅದಕ್ಕೆ ಊಟ ಇಡುವವರು ನೀವೇ. ಫಿಂಚ್ ಐದರಿಂದ ಏಳು ವರ್ಷ.

ಈಗ ಹಕ್ಕಿಯ ಕಡೆ. ಮೊದಲು ಕಬ್ಬಿನ ಗದ್ದೆಯ ರಾಟವಾಳ ಬೇಡ. ದಯವಿಟ್ಟು ಬೇಡ. ನಮ್ಮ ನೆಲದ ಕಾಡುಹಕ್ಕಿ ಯಾವುದೇ ಇರಲಿ, ರಾಟವಾಳ, ಪಿಕಳಾರ, ಗಿಳಿ, ಹಿಡಿಯುವುದು, ಮಾರುವುದು, ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಿಂದಿನ ಕಾಲದಲ್ಲಿ ಮನೆ ಮನೆಯಲ್ಲಿ ಗಿಳಿ ಇರುತ್ತಿತ್ತು ಅನ್ನುವುದು ನಿಜ, ಈಗ ಅದು ನಡೆಯುವುದಿಲ್ಲ. ಕಾನೂನು ಒಂದು ಕಡೆ ಇರಲಿ, ಗುಂಪಿನಲ್ಲಿ ಬೆಳೆದ ಕಾಡುಹಕ್ಕಿ ಪಂಜರದೊಳಗೆ ಸರಳಿಗೆ ಬಡಿದುಕೊಂಡು ಮೂಗಿನ ಮೇಲೆ ರಕ್ತ ಮಾಡಿಕೊಳ್ಳುತ್ತದೆ. ಹಿಡಿದ ಮೊದಲ ವಾರದಲ್ಲೇ ಹೆದರಿಕೆಗೆ ಸಾಯುವುದು ಬಹಳ. ಸಂತೆಗಳಲ್ಲಿ ಹಸಿರು, ಗುಲಾಬಿ ಬಣ್ಣದ "ಫಾರಿನ್ ಹಕ್ಕಿ" ಅಂತ ಮಾರುವುದೂ ಎಷ್ಟೋ ಸಲ ಬಣ್ಣ ಬಳಿದ ರಾಟವಾಳವೇ. ನಿಮ್ಮ ಅತ್ತೆಯ ತಮ್ಮನಿಗೆ ಇದನ್ನು ಸಮಾಧಾನದಿಂದ ಹೇಳಿ. ಅವರು ಪ್ರೀತಿಯಿಂದ ಕೊಡುತ್ತೀನಿ ಅಂದದ್ದು.

ಜೀಬ್ರಾ ಫಿಂಚ್ ಹಾಗಲ್ಲ. ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದ ತಳಿ. ಗ್ಲೈಡರ್ ಆಗಲಿ ಇದಾಗಲಿ ನಮ್ಮ ದೇಶದ ಕಾಡಿನದ್ದಲ್ಲ. ಆದರೆ ಹೊರದೇಶದಿಂದ ಜೀವಂತ ಪ್ರಾಣಿ ತರಲು ಸರ್ಕಾರದ ಅನುಮತಿ, ಕ್ವಾರಂಟೈನ್ ಎಲ್ಲ ಬೇಕು. ಹಾಗಾಗಿ ಯಾವುದನ್ನೇ ತಂದರೂ ಇಲ್ಲೇ ಹುಟ್ಟಿದ್ದು ಅನ್ನುವ ಬಿಲ್ ಕೇಳಿ ತೆಗೆದುಕೊಳ್ಳಿ. ಅಂಗಡಿಯವರು ಜಾವಾ ಗುಬ್ಬಿ ತೋರಿಸಿದರೆ, ಅದಕ್ಕೆ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಅನ್ನುವ ವೆಬ್‌ಸೈಟ್‌ನಲ್ಲಿ ನೋಂದಣಿ ಮಾಡಿಸಬೇಕು ಅನ್ನುವುದು ನೆನಪಿರಲಿ.

ಹಾಡಿನ ಬಗ್ಗೆ ಉಳಿದದ್ದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಫಿಂಚ್‌ಗಳಲ್ಲಿ ಹಾಡುವುದು ಗಂಡು ಮಾತ್ರ. ಕೆನ್ನೆಯಲ್ಲಿ ಕಿತ್ತಳೆ ಬಣ್ಣದ ಮಚ್ಚೆ, ಎದೆಯ ಮೇಲೆ ಸಣ್ಣ ಗೆರೆ ಇದ್ದರೆ ಗಂಡು. ಗುರುತಿಸುವುದು ಸುಲಭ. ಅದರ ಹಾಡು ನೀವು ಅಂದುಕೊಂಡ ಹಾಗೆ ಇಂಪಾಗಿ ಇರುವುದಿಲ್ಲ. ಮಕ್ಕಳ ಆಟದ ಪೀಪಿ ಊದಿದ ಹಾಗೆ, ಮೂಗಿನಲ್ಲಿ ಆಡಿದ ಹಾಗೆ ಚಿಕ್ಕ ಚಿಕ್ಕ ದನಿ. ಆದರೆ ಅದರ ಹಿಂದಿನ ಕಥೆ ನನಗೆ ಇಷ್ಟು ವರ್ಷವಾದರೂ ಹಳತಾಗಿಲ್ಲ. ಗಂಡು ಮರಿಗೆ ಹಾಡು ಹುಟ್ಟಿನಿಂದ ಬರುವುದಿಲ್ಲ. ಅಪ್ಪನ ಹಾಡನ್ನು ಕೇಳಿ, ಮೊದಲು ಮಗು ತೊದಲಿದ ಹಾಗೆ ತೊದಲಿ, ತಿದ್ದಿಕೊಂಡು, ಸುಮಾರು ತೊಂಬತ್ತು ದಿನದೊಳಗೆ ಕಲಿತು ಮುಗಿಸುತ್ತದೆ. ಆಮೇಲೆ ಜೀವನಪೂರ್ತಿ ಅದೇ ಒಂದು ಹಾಡು. ಆ ದಿನಗಳಲ್ಲಿ ಅಪ್ಪನ ದನಿ ಕೇಳದೆ ಬೆಳೆದ ಮರಿ ಬಾಯಿಗೆ ಬಂದ ಹಾಗೆ ಏನೋ ಕೂಗುತ್ತದೆ. ಮಕ್ಕಳು ಮಾತು ಕಲಿಯುವುದು ಹೇಗೆ ಅಂತ ತಿಳಿಯಲು ವಿಜ್ಞಾನಿಗಳು ಈ 12 ಗ್ರಾಂನ ಹಕ್ಕಿಯನ್ನೇ ಎದುರಿಗೆ ಇಟ್ಟುಕೊಂಡಿದ್ದಾರೆ. ನೀವು ಟೀಚರ್, ನಿಮಗೆ ಇದು ಬೇಗ ಹತ್ತಿರವಾಗಬಹುದು. ಹಾಡುವ ಹಕ್ಕಿಗಳೆಲ್ಲದರ ಮೂಲವೂ ಆಸ್ಟ್ರೇಲಿಯಾ ಕಡೆಯ ನೆಲವೇ ಅಂತ ಜೀನ್ ಪರೀಕ್ಷೆಗಳು ತೋರಿಸಿವೆ. ಅಲ್ಲಿಂದ ಹೊರಟ ಆ ವಂಶವೇ ನಮ್ಮ ಮಡಿವಾಳ ಹಕ್ಕಿವರೆಗೂ ಬಂದಿದೆ.

ಪಂಜರದಲ್ಲಿ ಹಾಡುತ್ತಿದೆ ಅಂದರೆ ಖುಷಿಯಾಗಿದೆ ಅಂತಲೇ ಅರ್ಥ ಅಲ್ಲ. ಜೋಡಿ ಇಲ್ಲದ ಗಂಡು ಜೋಡಿಗಾಗಿ ಕರೆದು ಕರೆದು ಜಾಸ್ತಿ ಹಾಡುವುದುಂಟು. ಫಿಂಚ್ ಕೂಡ ಗುಂಪಿನ ಹಕ್ಕಿ, ಒಂಟಿಯಾಗಿ ಇಡಬೇಡಿ. ಹಾಗಂತ ಗಂಡು ಹೆಣ್ಣು ತಂದು ಗೂಡು ಇಟ್ಟರೆ ಇನ್ನೊಂದು ತಾಪತ್ರಯ. ಒಬ್ಬರು ಶೂ ಡಬ್ಬಿಯಲ್ಲಿ ಹೆಣ್ಣು ಫಿಂಚ್ ತಂದಿದ್ದರು. ಹತ್ತಿಯ ಉಂಡೆಯ ಹಾಗೆ ಮೈ ಉಬ್ಬಿಸಿಕೊಂಡು ಡಬ್ಬಿಯ ತಳದಲ್ಲಿ ಕೂತಿತ್ತು. ಉಸಿರಾಡಿದಾಗಲೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಅಂಗೈಲಿ ಹಿಡಿದು ಹೊಟ್ಟೆಯ ಮೇಲೆ ಬೆರಳಿಟ್ಟರೆ ಮೊಟ್ಟೆ ಸಿಕ್ಕಿಹಾಕಿಕೊಂಡಿರುವುದು ಗೊತ್ತಾಗುತ್ತಿತ್ತು. ಬೆಚ್ಚಗೆ ಇಟ್ಟು, ಹಬೆಯ ತೇವ ಕೊಟ್ಟು, ಕ್ಯಾಲ್ಸಿಯಂ ಕೊಟ್ಟೆವು. ಒಂದೂವರೆ ಗಂಟೆ ಕಾದ ಮೇಲೆ ಮೊಟ್ಟೆ ಬಂತು, ತೋಲು ಮೊಟ್ಟೆ, ಚಿಪ್ಪೇ ಗಟ್ಟಿಯಾಗಿರಲಿಲ್ಲ. ತೆಂಗಿನ ನಾರಿನ ಗೂಡು ವರ್ಷಪೂರ್ತಿ ಪಂಜರದಲ್ಲೇ ಇತ್ತು, ಅದು ಮೇಲಿಂದ ಮೇಲೆ ಮೊಟ್ಟೆ ಇಡುತ್ತಲೇ ಇತ್ತು. ನೋಡಿ, ಗ್ಲೈಡರ್‌ನ ಕಾಲನ್ನು ಕೆಡವಿದ್ದೂ ಈ ಹಕ್ಕಿಯ ಪ್ರಾಣಕ್ಕೆ ಬಂದದ್ದೂ ಒಂದೇ ಕೊರತೆ, ಕ್ಯಾಲ್ಸಿಯಂನದು.

ನಿಮ್ಮ ಕಡೆ ಎಲ್ಲರೂ ಕೇಳುತ್ತಾರೆ, ರಾಗಿ ಕೊಟ್ಟರೆ ಕ್ಯಾಲ್ಸಿಯಂ ಸಾಲಲ್ವಾ ಅಂತ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಧಾನ್ಯಗಳಲ್ಲಿ ಅದು ದೊಡ್ಡ ಮೊತ್ತವೇ. ಫಿಂಚ್‌ಗೆ ರಾಗಿ, ನವಣೆ, ಸಾಮೆ ಬೆರೆಸಿ ಧಾರಾಳವಾಗಿ ಕೊಡಿ, ಇಷ್ಟಪಟ್ಟು ತಿನ್ನುತ್ತದೆ. ಆದರೆ ಕಾಳೊಂದೇ ಸಾಲುವುದಿಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರ ನೊರೆ ಅಂತ ಸಿಗುವ ಬಿಳಿ ಬಿಲ್ಲೆ ಒಂದನ್ನು ಪಂಜರಕ್ಕೆ ಸಿಕ್ಕಿಸಿ, ಕುದಿಸಿ ಒಣಗಿಸಿದ ಮೊಟ್ಟೆ ಚಿಪ್ಪಿನ ಪುಡಿ ಇಡಿ, ಸೊಪ್ಪು ಕೊಡಿ, ದಿನಕ್ಕೆ ಸ್ವಲ್ಪ ಹೊತ್ತು ಎಳೆ ಬಿಸಿಲು ಬೀಳಲಿ. ಗ್ಲೈಡರ್‌ಗೆ ರಾಗಿ ಅಂಬಲಿ ಕೊಟ್ಟು ಸಾಕುತ್ತೇನೆ ಅನ್ನುವುದು ಮಾತ್ರ ಆಗುವ ಮಾತಲ್ಲ.

ಅತ್ತೆಯ ಉಬ್ಬಸ ಮತ್ತು ಸಾಂಬ್ರಾಣಿ, ಇವೆರಡೂ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡವು. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ. ಜೊತೆಗೆ ಮೈಯೊಳಗೆ ಗಾಳಿ ಚೀಲಗಳಿವೆ. ಉಸಿರಿನಿಂದ ನಮಗಿಂತ ಚೆನ್ನಾಗಿ ಆಮ್ಲಜನಕ ಹೀರುತ್ತದೆ, ಹಾಗೆಯೇ ವಿಷವನ್ನೂ. ಸಾಂಬ್ರಾಣಿ, ಊದುಬತ್ತಿ, ಸೊಳ್ಳೆ ಬತ್ತಿ ಹೊಗೆ ಅದಕ್ಕೆ ಕೆಟ್ಟದ್ದು. ಒಲೆಯ ಮೇಲೆ ಖಾಲಿ ಕಾದುಹೋದ ನಾನ್‌ಸ್ಟಿಕ್ ತವಾದ ಹೊಗೆಯಂತೂ ನಿಮಿಷಗಳಲ್ಲಿ ಕೊಲ್ಲುತ್ತದೆ. ಊದುಬತ್ತಿಯ ಊರಾದ ಮೈಸೂರಿನಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ, ಆದರೂ ಹೇಳಲೇಬೇಕು. ಇನ್ನು ಹಕ್ಕಿಯ ಪುಕ್ಕದ ಧೂಳು, ಒಣಗಿದ ಹಿಕ್ಕೆಯ ಪುಡಿ ಉಬ್ಬಸ ಇರುವವರಿಗೆ ಆಗಿಬರುವುದಿಲ್ಲ. ಪಾರಿವಾಳಕ್ಕೆ ಹೋಲಿಸಿದರೆ ಫಿಂಚ್‌ನದು ಕಡಿಮೆ, ಇಲ್ಲ ಅನ್ನುವ ಹಾಗಿಲ್ಲ. ಅವರನ್ನು ನೋಡುವ ಡಾಕ್ಟರ ಹತ್ತಿರ ಕೇಳದೆ ಹಕ್ಕಿ ತರಬೇಡಿ. ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಏನು ಮಾಡಬಹುದು? ನನ್ನ ಅಭಿಪ್ರಾಯ ಖಂಡಿತವಾಗಿ ಹೇಳುತ್ತೇನೆ: ನಿಮ್ಮ ಮನೆಗೆ ಶುಗರ್ ಗ್ಲೈಡರ್ ಬೇಡ. ನಿಮಗೆ ಪ್ರೀತಿ ಇಲ್ಲ ಅಂತಲ್ಲ. ನಿಮ್ಮ ಮನೆ ಹಗಲು ಎದ್ದು ರಾತ್ರಿ ಮಲಗುವ ಮನೆ. ಹವೆ ಮಾತ್ರ ಹೊಂದುತ್ತದೆ. ಆದರೂ ಡಿಸೆಂಬರ್, ಜನವರಿ ರಾತ್ರಿ 15-16 ಡಿಗ್ರಿಗೆ ಇಳಿದಾಗ, ಹೊಟ್ಟೆಗೂ ಸಾಲದಿದ್ದರೆ, ಅದು ಮೈ ತಣ್ಣಗೆ ಮಾಡಿಕೊಂಡು ಅಲ್ಲಾಡದೆ ಬಿದ್ದುಬಿಡುತ್ತದೆ. ಸತ್ತೇಹೋಯಿತು ಅಂತ ಕಾಣುತ್ತದೆ. ಇದರ ಜೊತೆ ಸೀಲಿಂಗ್ ಫ್ಯಾನ್, ಮುಚ್ಚಳ ತೆಗೆದ ಕಮೋಡ್, ಒಲೆಯ ಮೇಲಿನ ಸಾರು. ತೇಲುವ ಪ್ರಾಣಿಗೆ ನಮ್ಮ ಮನೆಯೊಳಗಿನ ಪ್ರತಿಯೊಂದೂ ಅಪಾಯವೇ.

ಡಾಕ್ಟರು ಒಪ್ಪಿದರೆ ಎರಡು ಗಂಡು ಫಿಂಚ್ ತನ್ನಿ, ಒಂದೇ ಗೂಡಿನಲ್ಲಿ ಹುಟ್ಟಿದವಾದರೆ ಇನ್ನೂ ಒಳ್ಳೆಯದು. ಎರಡೂ ಹಾಡುತ್ತವೆ, ಮೊಟ್ಟೆಯ ಗೋಜು ಇಲ್ಲ. ಗೂಡು ಇಡಬೇಡಿ. ಪಂಜರ ಎತ್ತರಕ್ಕಿಂತ ಉದ್ದ ಇರಲಿ, ಕನಿಷ್ಠ ಮೂರು ಅಡಿ. ಹಕ್ಕಿ ಅಡ್ಡಡ್ಡ ಹಾರುತ್ತದೆ, ಹೆಲಿಕಾಪ್ಟರ್ ಹಾಗೆ ಮೇಲಕ್ಕಲ್ಲ. ಬಾಲ್ಕನಿಯಲ್ಲಿ ಇಟ್ಟರೆ ಗ್ರಿಲ್‌ಗೆ ಸಣ್ಣ ಜಾಲರಿ ಹೊಡೆಸಿ. ಬೆಕ್ಕು, ಇಲಿ, ಕಾಗೆ, ಇರುವೆ ನಾಲ್ಕೂ ಬರುತ್ತವೆ. ರಾತ್ರಿ ಪಂಜರದ ಮೂರು ಕಡೆ ಬಟ್ಟೆ ಹೊದಿಸಿ. ತಳಕ್ಕೆ ನ್ಯೂಸ್ ಪೇಪರ್ ಹಾಸಿ, ದಿನಾ ಬದಲಿಸುವವರು ಅತ್ತೆ ಆಗಿರಬಾರದು. ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮಗಳು ಮುಟ್ಟಿ ಮುದ್ದಾಡುವ ಹಕ್ಕಿ ಇದಲ್ಲ, ನೋಡುವ ಹಕ್ಕಿ. ಇದನ್ನು ಅವಳಿಗೆ ತರುವ ಮುಂಚೆಯೇ ಹೇಳಿ. ಮೈ ಉಬ್ಬಿಸಿಕೊಂಡು ಕೆಳಗೆ ಕೂತರೆ ನಾಳೆ ನೋಡೋಣ ಅನ್ನಬೇಡಿ. ಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ, ಅಷ್ಟು ಸಣ್ಣ ಮೈ ಒಂದು ದಿನ ಉಪವಾಸವನ್ನೂ ತಡೆಯುವುದಿಲ್ಲ. ಇಂಪಾದ ಹಾಡೇ ಬೇಕು ಅಂದರೆ ಕ್ಯಾನರಿ ಇದೆ, ಒಂದೇ ಗಂಡನ್ನು ಸಾಕಬಹುದು. ಆದರೆ ವರ್ಷಕ್ಕೊಮ್ಮೆ ಪುಕ್ಕ ಉದುರಿಸುವ ವಾರಗಳಲ್ಲಿ ಅದೂ ಮೌನ. ಉಬ್ಬಸದ ಮಾತು ಅದಕ್ಕೂ ಅನ್ವಯಿಸುತ್ತದೆ.

ಪಂಜರವೇ ಇಲ್ಲದ ದಾರಿಯೂ ಇದೆ, ನನಗೆ ನಿಮ್ಮ ಮನೆಗೆ ಅದೇ ಸರಿ ಅನ್ನಿಸುತ್ತದೆ. ಬಾಲ್ಕನಿಯ ಹೊರಗಡೆ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ಆಳಕ್ಕೆ ನೀರಿಡಿ, ಸೊಳ್ಳೆ ಆಗದ ಹಾಗೆ ದಿನಾ ಚೆಲ್ಲಿ ಬದಲಿಸಿ. ಎರಡು ಕುಂಡದಲ್ಲಿ ದಾಸವಾಳ ಹಾಕಿ. ಸೂರಕ್ಕಿ ಬರುತ್ತದೆ, ಜುಟ್ಟಿನ ಪಿಕಳಾರ ಬರುತ್ತದೆ, ಎಲೆ ಹೊಲಿಯುವ ಟುವ್ವಿ ಬರುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ನಸುಕಿನಲ್ಲಿ ಮಡಿವಾಳ ಹಕ್ಕಿ ತಂತಿಯ ಮೇಲೆ ಕೂತು ಹಾಡುವುದನ್ನು ನಿಮ್ಮ ಅತ್ತೆಗೆ ಕೇಳಿಸಿ. ಪಂಜರದ ಯಾವ ಫಿಂಚೂ ಅದರ ಹತ್ತಿರಕ್ಕೆ ಬರುವುದಿಲ್ಲ. ಅದರ ಧೂಳೂ ಮನೆಯೊಳಗೆ ಬರುವುದಿಲ್ಲ. ಮಗಳಿಗೆ ಒಂದು ನೋಟ್‌ಬುಕ್ ಕೊಟ್ಟು ಬಂದ ಹಕ್ಕಿ, ಬಂದ ಹೊತ್ತು ಬರೆಯಲು ಹೇಳಿ. ಪ್ರಾಣಿಗಳ ಮೇಲೆ ಅವಳಿಗೆ ನಿಜವಾದ ಆಸೆ ಇದ್ದರೆ ಮೈಸೂರು ಮೃಗಾಲಯದಲ್ಲಿ ಮಕ್ಕಳಿಗಾಗಿ ಯೂತ್ ಕ್ಲಬ್ ಇದೆ, ಪ್ರಾಣಿ ದತ್ತು ಯೋಜನೆ ಇದೆ. ಮಂಗಳವಾರ ರಜೆ, ಅದೊಂದು ನೋಡಿಕೊಂಡು ಹೋಗಿ. ರಂಗನತಿಟ್ಟು ನಿಮಗೆ ಹತ್ತಿರವೇ.

ಅವಳು ಆದರೂ ಗ್ಲೈಡರ್ ಅಂತ ಅತ್ತರೆ, ಬೇಡ ಅನ್ನುವ ಬದಲು ಹದಿನೈದು ದಿನ ಹೀಗೆ ಮಾಡಿ. ದಿನಾ ರಾತ್ರಿ ಒಂಬತ್ತೂವರೆಗೆ ಅವಳೇ ಒಂದು ಬಟ್ಟಲಲ್ಲಿ ಅಳತೆ ಮಾಡಿ ಊಟ ಕಲಸಿಡಬೇಕು, ಇನ್ನೊಂದು ಬಟ್ಟಲು ತೊಳೆಯಬೇಕು, ಬಾಲ್ಕನಿ ಒರೆಸಬೇಕು. ಭಾನುವಾರ, ಪರೀಕ್ಷೆ, ಹಬ್ಬ ಯಾವುದಕ್ಕೂ ರಜೆ ಇಲ್ಲ. ಹದಿನಾರನೇ ದಿನ ಅವಳೇ ನಿಮಗೆ ಉತ್ತರ ಹೇಳುತ್ತಾಳೆ.

ಕೊನೆಯದಾಗಿ, ನಿಮ್ಮ ಅತ್ತೆಯ ತಮ್ಮ ಇಷ್ಟರಲ್ಲೇ ರಾಟವಾಳ ಹಿಡಿದುಬಿಟ್ಟಿದ್ದರೆ ಮಂಡ್ಯಕ್ಕೆ ತರಿಸಬೇಡಿ. ಗಾಳಿ ಆಡುವ ರಟ್ಟಿನ ಡಬ್ಬಿಯಲ್ಲಿ ರಾತ್ರಿ ಕತ್ತಲಲ್ಲಿ ಇಟ್ಟು, ಬೆಳಿಗ್ಗೆ ಬಿಸಿಲು ಏರುವ ಮೊದಲು ಹಿಡಿದ ಅದೇ ಗದ್ದೆಯ ಬದುವಿನಲ್ಲಿ ಮುಚ್ಚಳ ತೆಗೆಯಲು ಹೇಳಿ. ಅವುಗಳ ಗುಂಪು ಅಲ್ಲೇ ಸುತ್ತಮುತ್ತ ಇರುತ್ತದೆ. ರೆಕ್ಕೆ ಜೋತುಬಿದ್ದು ಹಾರದಿದ್ದರೆ ಮಾತ್ರ ಬಿಡದೆ, ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ಒಪ್ಪಿಸಲಿ.